ಎಲೆ ಲೆಕ್ಕವೋ, ಗುತ್ತಿಗೆಯೋ, ಮಜೂರಿಯೋ: ಮೂರು ಕಾರ್ಯದಲ್ಲಿ ನಾನು ಕಂಡಿದ್ದು

ಹಣ ಕೊಟ್ಟ ಮೂರನೇ ದಿನ ಫೋನ್ ಬಂತು. "ಹೆಗಡೇರೇ, ಲೆಕ್ಕ ಮತ್ತೆ ನೋಡ್ದೆ. 48 ಎಲೆ ಜಾಸ್ತಿ ಹೋಗಿದೆ. 9,120 ಬಾಕಿ ಆಯ್ತು."

ದೊಡ್ಡ ಮಗಳ ಮದುವೆ ಮುಗಿದು ಮನೆಯಲ್ಲಿ ಇನ್ನೂ ನೆಂಟರಿದ್ದರು. ಶಿರಸಿಯ ಕಲ್ಯಾಣ ಮಂಟಪದಲ್ಲೇ, ಪಾತ್ರೆಗಳು ಗಾಡಿಗೆ ಏರುವ ಮೊದಲು, 400 ಎಲೆಗೆ 190ರಂತೆ 76,000 ರೂಪಾಯಿ ಎಣಿಸಿ ಕೊಟ್ಟಿದ್ದೆ. ಅಡುಗೆ ಭಟ್ಟರು "ಎಲ್ಲಾ ಚುಕ್ತಾ" ಅಂತ ಹೇಳಿಯೇ ಹೊರಟಿದ್ದರು. ಆಮೇಲೆ ಮನೆಯಲ್ಲಿ ಇನ್ನೂ ಎರಡು ಕಾರ್ಯ ಆದವು. ಎರಡಕ್ಕೂ ಬೇರೆ ಬೇರೆ ರೀತಿಯ ಒಪ್ಪಂದ ಮಾಡಿ ನೋಡಿದೆ. ಕಾರ್ಯ ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎಲೆ ಲೆಕ್ಕ ಕೇಳೋಕೆ ತುಂಬಾ ಸರಳ. ಎಷ್ಟು ಜನ ಉಂಡರೋ ಅಷ್ಟಕ್ಕೆ ದುಡ್ಡು. ಆದರೆ ಯಾವ ಎಲೆ ಎಣಿಸಬೇಕು ಅಂತ ನಾವಿಬ್ಬರೂ ಮೊದಲೇ ಮಾತಾಡಿರಲಿಲ್ಲ. ನಾನು ತರಿಸಿದ್ದು 450 ಎಲೆ. ಕೊನೆಗೆ ಉಳಿದಿದ್ದು ಎರಡು. ಹಾಗಾಗಿ 448 ಅನ್ನೋದು ಭಟ್ಟರ ಲೆಕ್ಕ. ನನ್ನ ಭಾವ ಪಂಕ್ತಿಯಲ್ಲಿ ಕೂತವರನ್ನು ಎಣಿಸಿದ್ದ. ಅವನದ್ದು 400.

ಆ 48 ಎಲೆ ಎಲ್ಲಿ ಹೋಯಿತು ಅನ್ನೋದು ಆಮೇಲೆ ಇನ್ನೊಬ್ಬರ ಮನೆಯ ಮದುವೆಯಲ್ಲಿ ನಿಂತು ನೋಡಿದಾಗ ತಿಳಿಯಿತು. ಎಲೆ ಹಾಸುವ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹೋಗುತ್ತಾನೆ. ನಡುವೆ ಸೀಳಿದ್ದರೆ ಅಪ್ಪೆಹುಳಿ ಸೋರಿ ಹೋಗುತ್ತದೆ ಅಂತ ಅದರ ಮೇಲೆ ಇನ್ನೊಂದು ಎಲೆ ಹಾಕುತ್ತಾನೆ. ತೀರಾ ಹರಿದಿದ್ದನ್ನು ಪಕ್ಕಕ್ಕೆ ಎಸೆಯುತ್ತಾನೆ. ಪ್ರತಿ ಪಂಕ್ತಿಯ ತುದಿಯಲ್ಲಿ ನಾಲ್ಕೈದು ಎಲೆಗೆ ಯಾರೂ ಕೂರುವುದಿಲ್ಲ. ಕೊನೆಯ ಪಂಕ್ತಿಯಲ್ಲಿ ಬಡಿಸುವವರೇ ಉಣ್ಣುತ್ತಾರೆ. ಅವರ ಊಟ ಯಾರ ಲೆಕ್ಕಕ್ಕೆ? ಭಟ್ಟರು ಸುಳ್ಳು ಹೇಳಿದರು ಅಂತ ನಾನು ಅನ್ನೋದಿಲ್ಲ. ಅವರು ಕಟ್ಟಿನಿಂದ ಹೊರಬಂದ ಎಲೆ ಎಣಿಸಿದರು, ನಾವು ಉಂಡವರನ್ನು ಎಣಿಸಿದೆವು. ನೆಂಟರ ಮುಂದೆ ಮಾತು ಬೆಳೆಸೋದು ಬೇಡ ಅಂತ 5,000 ಕೊಟ್ಟು ಮುಗಿಸಿದೆ. ಮಗಳ ಮದುವೆ ನೆನಪಾದಾಗಲೆಲ್ಲ ಆ ಫೋನೂ ನೆನಪಾಗುತ್ತದೆ. ದುಡ್ಡಿಗಿಂತ ಅದೇ ಜಾಸ್ತಿ ನೋವು.

ಎರಡನೆಯದು ಕುಮಟಾದಲ್ಲಿ ತಮ್ಮನ ಮನೆ ಒಕ್ಕಲು. ಎಲೆ ಎಣಿಸುವ ರಗಳೆಯೇ ಬೇಡ ಅಂತ ಬೇರೊಬ್ಬರಿಗೆ ಒಟ್ಟು ಗುತ್ತಿಗೆ ಕೊಟ್ಟೆವು. 300 ಜನ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಎಲ್ಲಾ ಸೇರಿ 65,000. ಆ ದಿನ ಎಷ್ಟು ನಿರಾಳ ಇತ್ತು ಅಂದ್ರೆ, ನಾನು ಅಡುಗೆ ಚಪ್ಪರದ ಕಡೆ ಹೋಗಲೇ ಇಲ್ಲ. ಸಂಜೆ ಪೂರ್ತಿ ಹಣ ಕೊಟ್ಟೆವು. ವಾರ ಬಿಟ್ಟು ಚೀಟಿಯ ಫೋಟೋ ಬಂತು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದ ಗಾಡಿ ಬಾಡಿಗೆ 4,000. ಜಿಎಸ್‌ಟಿ ಶೇ. 5, ಅಂದರೆ 3,250.

"ಎಲ್ಲಾ ಸೇರಿ" ಅನ್ನೋ ಮಾತಿಗೆ ಅರ್ಥವೇ ಇರಲಿಲ್ಲ. ನಮ್ಮ ಚೀಟಿಯಲ್ಲಿ ಊಟ-ತಿಂಡಿ ಅಂತ ಇತ್ತು, ಗಾಡಿ ಸುದ್ದಿ ಇರಲಿಲ್ಲ. ಅದಕ್ಕೆ ತಮ್ಮ ಅರ್ಧ, 2,000 ಕೊಟ್ಟ.

ಜಿಎಸ್‌ಟಿ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ನಂಬರ್ ಹಾಕಿದ ಬಿಲ್ ಕಳಿಸಿ, ತಕ್ಷಣ ಕೊಡ್ತೇನೆ ಅಂದೆ. ಬಿಲ್ ಬರಲೇ ಇಲ್ಲ. ಇದು ಎಲ್ಲರಿಗೂ ಗೊತ್ತಿರಬೇಕು. ಜಿಎಸ್‌ಟಿ ನೋಂದಣಿ ಇಲ್ಲದವರು ಗ್ರಾಹಕರಿಂದ ಆ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ನೋಂದಣಿ ಇದ್ದೂ ಕಾಂಪೊಸಿಷನ್ ಪದ್ಧತಿಯಲ್ಲಿ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ವ್ಯವಸ್ಥೆ) ಇದ್ದವರೂ ಗ್ರಾಹಕರಿಂದ ಬೇರೆಯಾಗಿ ತೆಗೆದುಕೊಳ್ಳುವ ಹಾಗಿಲ್ಲ. ನಂಬರ್‌ನಲ್ಲಿ 15 ಅಕ್ಷರ-ಅಂಕಿ ಇರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಕಾಣುತ್ತದೆ.

ಮೂರನೆಯದು ಊರ ಮನೆಯಲ್ಲಿ ಉಪನಯನ. ಸಾಮಾನು ನಮ್ಮದು, ಮಜೂರಿ ಅವರದು. 150 ಎಲೆ. ಭಟ್ಟರು ಹದಿನೈದು ದಿನ ಮೊದಲೇ ಸಾಮಾನಿನ ಪಟ್ಟಿ ಬರೆದು ಕೊಟ್ಟರು. ದಿನಸಿ 14,200, ತರಕಾರಿ, ಹಾಲು, ಮೊಸರು 4,300, ಅವರಿಗೂ ಇಬ್ಬರು ಸಹಾಯಕರಿಗೂ ಸೇರಿ 8,500. ಒಟ್ಟು 27,000, ಎಲೆಗೆ 180 ಬಿತ್ತು. ಬಾಳೆ ಎಲೆ, ತೆಂಗಿನಕಾಯಿ ತೋಟದ್ದೇ. ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಕೇಳೋಕೆ ಏನೂ ಉಳಿದಿರಲಿಲ್ಲ, ಅಲ್ವಾ? ಉಳಿದ ಸಕ್ಕರೆ, ಎಣ್ಣೆ ನಮ್ಮ ಉಗ್ರಾಣದಲ್ಲೇ ಇತ್ತು. ಆದರೆ ಹೆಂಡತಿ ನಾಲ್ಕು ದಿನ ನಿದ್ದೆ ಬಿಟ್ಟು ಓಡಾಡಿದಳು. ಕಾರ್ಯದ ದಿನ ಬೆಳಿಗ್ಗೆ ಮೊಸರು ಸಾಲದೆ ನಾನು ಸ್ಕೂಟರ್ ಹತ್ತಬೇಕಾಯಿತು. ವಟುವಿನ ಮಾತೃಭೋಜನ ನಾನು ನೋಡಲಿಲ್ಲ.

ನನ್ನನ್ನು ಕೇಳಿದರೆ, ಮನೆಯಲ್ಲೇ ಮಾಡುವ 150-200 ಜನರ ಕಾರ್ಯಕ್ಕೆ, ಓಡಾಡೋಕೆ ಇಬ್ಬರು ಹುಡುಗರಿದ್ದರೆ, ಮಜೂರಿಯೇ ಒಳ್ಳೆಯದು. ಮದುವೆಗೆ ಎಲೆ ಲೆಕ್ಕವೇ ಸರಿ, ಎಣಿಸುವ ರೀತಿ ಮೊದಲೇ ಬರೆದಿದ್ದರೆ ಮಾತ್ರ. ಒಟ್ಟು ಗುತ್ತಿಗೆ ನಾನು ಇನ್ನು ಕೊಡುವುದಿಲ್ಲ. ಗ್ಯಾಸ್, ಗಾಡಿ, ಬಡಿಸುವವರ ಕೂಲಿ, ಪಾತ್ರೆ ತೊಳೆಯುವವರು, ತೆರಿಗೆ ಅಂತ ಒಂದೊಂದನ್ನೂ ಬರೆಯದಿದ್ದರೆ ಅದು ಎಲ್ಲಿ ಬೇಕಾದರೂ ಹಿಗ್ಗುತ್ತದೆ.

ಮಾತು ತೀರಾ ಕೆಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆದರೆ ಅಲ್ಲಿ ತೋರಿಸೋಕೆ ಕಾಗದ ಬೇಕಲ್ಲ. ಮಗಳ ಮದುವೆಯ 76,000ಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಈ ವೈಶಾಖದಲ್ಲಿ ಚಿಕ್ಕ ಮಗಳ ಮದುವೆ. ಎಲೆ ಲೆಕ್ಕವನ್ನೇ ಒಪ್ಪಿದ್ದೇವೆ. ಉಂಡ ಎಲೆಗೆ ಮಾತ್ರ ದುಡ್ಡು, ಬಡಿಸುವವರ 12 ಎಲೆ ನಮ್ಮ ಲೆಕ್ಕಕ್ಕೆ. ಪ್ರತಿ ಪಂಕ್ತಿ ಏಳುವ ಮೊದಲು ನಮ್ಮ ಕಡೆಯವರೊಬ್ಬರು, ಭಟ್ಟರ ಕಡೆಯವರೊಬ್ಬರು ಒಟ್ಟಿಗೆ ಎಣಿಸಿ ಒಂದೇ ಪುಸ್ತಕದಲ್ಲಿ ಸಹಿ ಹಾಕೋದು. ಭಟ್ಟರಿಗೆ ಹೇಗೆ ಹೇಳೋದು ಅಂತ ಅಳುಕುತ್ತಲೇ ಹೋಗಿದ್ದೆ. ಅವರು ಕವಳದ ತಟ್ಟೆ ನನ್ನ ಕಡೆ ದೂಡಿ, "ಹಂಗೇ ಮಾಡುವ. ನಮಗೂ ಎಷ್ಟೋ ಕಡೆ ಬರಬೇಕಾದ್ದು ಬರೋದಿಲ್ಲ" ಅಂದರು.