ಡೀಸೆಲ್ ಬರ್ನರ್‌ಗೆ ಗಾಳಿ ಹೊಂದಿಸಲು ಯಾವುದು ಮೇಲು: ಕಣ್ಣಳತೆಯೋ, ಹೊಗೆ ಪಂಪೋ, ಅನಲೈಸರೋ?

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಎಣ್ಣೆ ಬಾಯ್ಲರ್ ನಮ್ಮ ಕಡೆಯ ಮನೆಗಳಲ್ಲಿ ಕಾಣುವುದಿಲ್ಲ. ಆದರೆ ಅದೇ ಬಗೆಯ ಚಿಕ್ಕ ಡೀಸೆಲ್ ಬರ್ನರ್‌ಗಳನ್ನು ಹುಬ್ಬಳ್ಳಿಯ ಲಾಡ್ಜ್, ಧಾರವಾಡದ ಹಾಸ್ಟೆಲ್, ಬೇಕರಿ ಓವನ್‌ಗಳಲ್ಲಿ ನಾನು ಸರ್ವಿಸ್ ಮಾಡುತ್ತೇನೆ. ಮಾಲೀಕರ ದೂರು ಹೆಚ್ಚಾಗಿ ಒಂದೇ: "ಎಣ್ಣಿ ಭಾಳ ಕುಡಿಯಾಕತ್ತೈತ್ರಿ." ಆಗ ಎಲ್ಲರ ಕೈ ಸೀದಾ ಡ್ಯಾಂಪರ್‌ಗೆ, ಅಂದರೆ ಗಾಳಿ ಹೆಚ್ಚು ಕಡಿಮೆ ಮಾಡುವ ಮುಚ್ಚಳಕ್ಕೆ, ಹೋಗುತ್ತದೆ.

ಅಷ್ಟು ಅವಸರ ಬೇಡ. ಮೊದಲು ಮಸಿ ತೆಗೆಯಿರಿ, ಫ್ಯಾನಿಗೆ ಹಿಡಿದ ಧೂಳು ಒರೆಸಿ, ಎಣ್ಣೆ ಸಿಂಪಡಿಸುವ ನಾಝಲ್ ಬದಲಿಸಿ, ಗೇಜ್ ಹಾಕಿ ಎಣ್ಣೆ ಪಂಪಿನ ಪ್ರೆಶರ್ ನೋಡಿ. ನಾಝಲ್ ಮೇಲೆ ಬರೆದ ಗಂಟೆಗೆ ಇಷ್ಟು ಗ್ಯಾಲನ್ ಎಂಬ ಲೆಕ್ಕ 7 ಬಾರ್ ಒತ್ತಡದ್ದು. 10 ಬಾರ್ ಕೊಟ್ಟರೆ ಅದೇ ನಾಝಲ್ ಸುಮಾರು ಶೇ 20 ಜಾಸ್ತಿ ಎಣ್ಣೆ ಬಿಡುತ್ತದೆ. ಎಣ್ಣೆ ಎಷ್ಟು ಬೀಳುತ್ತಿದೆ ಎಂದು ತಿಳಿದ ಮೇಲೆಯೇ ಗಾಳಿಯ ಮಾತು.

ಕಣ್ಣಳತೆಗೆ ಖರ್ಚಿಲ್ಲ. ಜ್ವಾಲೆಯ ತುದಿ ಕೆಂಪಾಗಿ ಹೊಗೆಯಾಡಿದರೆ ಗಾಳಿ ಸಾಲದು ಎಂದು ತಕ್ಷಣ ಗೊತ್ತಾಗುತ್ತದೆ. ಗಾಳಿ ಜಾಸ್ತಿಯಾದದ್ದು ಮಾತ್ರ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಸ್ವಲ್ಪ ಜಾಸ್ತಿ ಇದ್ದರೂ, ತುಂಬಾ ಜಾಸ್ತಿ ಇದ್ದರೂ ಉರಿ ಚೊಕ್ಕವಾಗಿಯೇ ಕಾಣುತ್ತದೆ. ಜಾಸ್ತಿಯಾದ ಗಾಳಿ ಶಾಖವನ್ನು ಚಿಮಣಿಗೆ ಒಯ್ಯುತ್ತದೆ, ಎಣ್ಣೆ ಪೋಲಾಗುವುದು ಅಲ್ಲೇ. ಬರ್ನರ್ ಹೊತ್ತಿಸಿ ನೋಡುವುದಕ್ಕೆ ಕಣ್ಣು ಸಾಕು, ಸೆಟ್ಟಿಂಗ್‌ಗೆ ಸಾಲದು.

ಹೊಗೆ ಪಂಪ್ ನನ್ನ ಮೆಚ್ಚಿನದು. ಚಿಮಣಿಯ ತೂತಿಗೆ ನಳಿಕೆ ಇಟ್ಟು, ಫಿಲ್ಟರ್ ಕಾಗದ ಸಿಕ್ಕಿಸಿ, ಹತ್ತು ಸಲ ಎಳೆಯಬೇಕು. ಕಾಗದದ ಮೇಲೆ ಮೂಡಿದ ಕಲೆಯನ್ನು 0ಯಿಂದ 9ರವರೆಗಿನ ಪಟ್ಟಿಗೆ ಹೋಲಿಸಬೇಕು. 0 ಅಥವಾ 1 ಬಂದರೆ ಒಳ್ಳೆಯದು. ಬ್ಯಾಟರಿ ಬೇಡ, ಸೆನ್ಸರ್ ಬೇಡ. ಡೀಸೆಲ್‌ನಲ್ಲಿ ಗಾಳಿ ಕಡಿಮೆಯಾಗುತ್ತಾ ಬಂದಂತೆ ಮೊದಲು ಏಳುವುದು ಮಸಿ. ಆ ಮಸಿಯನ್ನೇ ಇದು ಹಿಡಿದು ತೋರಿಸುತ್ತದೆ.

ಅನಲೈಸರ್ ಚಿಮಣಿಯ ಹೊಗೆಯನ್ನು ಅಳೆಯುವ ಯಂತ್ರ. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಹೊಗೆಯ ಬಿಸಿ ಎಲ್ಲವನ್ನೂ ಅಂಕಿಯಲ್ಲಿ ಕೊಡುತ್ತದೆ. ಹೊಗೆಯಲ್ಲಿ ಶೇ 9 ಇದ್ದ ಆಮ್ಲಜನಕವನ್ನು 4.5ಕ್ಕೆ ತಂದರೆ, ಹೊಗೆ ಕೋಣೆಯ ಗಾಳಿಗಿಂತ 200 ಡಿಗ್ರಿ ಬಿಸಿ ಇರುವಾಗ, ಸುಮಾರು ಶೇ 3ರಷ್ಟು ಶಾಖ ಉಳಿಯುತ್ತದೆ. ದಿನವಿಡೀ ಉರಿಯುವ ಲಾಡ್ಜ್ ಬಾಯ್ಲರ್‌ಗೆ ಇದು ಸಣ್ಣ ಮಾತಲ್ಲ. ಆದರೆ ಯಂತ್ರದ ಬೆಲೆ ಜಾಸ್ತಿ, ಸೆನ್ಸರ್‌ಗಳನ್ನು ಆಗಾಗ ಬದಲಿಸಬೇಕು. ಮಸಿಯ ಹೊಗೆಗೆ ಹಿಡಿದರೆ ಒಳಗೆಲ್ಲಾ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪಂಪ್‌ನಲ್ಲಿ ಕಾಗದ ಬೆಳ್ಳಗೆ ಬಂದ ಮೇಲೆಯೇ ನಾನು ಅನಲೈಸರ್ ತೆಗೆಯುತ್ತೇನೆ.

ನಮ್ಮ ಊರಿನ ವಿಷಯ ಒಂದಿದೆ. ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 8 ಕಡಿಮೆ. ಅದಕ್ಕೇ ಕಂಪನಿ ಪುಸ್ತಕದ ಡ್ಯಾಂಪರ್ ಗುರುತು ಇಲ್ಲಿ ಎಷ್ಟೋ ಸಲ ಸಾಲುವುದಿಲ್ಲ, ಸ್ವಲ್ಪ ಜಾಸ್ತಿ ತೆರೆಯಬೇಕಾಗುತ್ತದೆ. ಡಿಸೆಂಬರ್ ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಹೊಂದಿಸಿದ ಬರ್ನರ್ ಏಪ್ರಿಲ್ ಬಿಸಿಲಿಗೆ ಮಸಿ ಕಾರಲೂಬಹುದು. ಬಿಸಿ ಗಾಳಿ ತೆಳು, ಅಲ್ವಾ? ಹಾಗಾಗಿ ಚಳಿಗಾಲದಲ್ಲಿ ಹೊಂದಿಸುವಾಗ ಹೊಗೆಯ ಆಮ್ಲಜನಕವನ್ನು ಶೇ 5ರ ಹತ್ತಿರ ಬಿಡುವುದು ಕ್ಷೇಮ. ಅಳೆಯುವಾಗ ಬಾಯ್ಲರ್ ಕೋಣೆಯ ಬಾಗಿಲು ದಿನಾ ಇರುವ ಹಾಗೇ ಇರಲಿ. ಬಾಗಿಲು ತೆರೆದು ಸೆಟ್ ಮಾಡಿ, ಆಮೇಲೆ ಅವರು ಮುಚ್ಚಿಕೊಂಡರೆ ಲೆಕ್ಕವೇ ಬದಲಾಗುತ್ತದೆ.

ಎರಡೂ ಕೊಳ್ಳಲು ಆಗದವರು ಡೀಸೆಲ್ ಕೆಲಸಕ್ಕೆ ಹೊಗೆ ಪಂಪ್ ಕೊಳ್ಳಿ. ಎಲ್‌ಪಿಜಿ ಬರ್ನರ್‌ಗೂ ಕೈ ಹಾಕುವುದಾದರೆ ಅನಲೈಸರ್ ಇರಲೇಬೇಕು. ಗ್ಯಾಸ್‌ನಲ್ಲಿ ಮಸಿ ಕಾಣದೆಯೂ ಕಾರ್ಬನ್ ಮಾನಾಕ್ಸೈಡ್ ಏರಬಹುದು. ಅದನ್ನು ಕಾಗದ ತೋರಿಸುವುದಿಲ್ಲ.