ಮುಂದಿನ ಸರದಿ ಯಾರದು: ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಆಟದ ವಿಮರ್ಶೆ

‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಮೊದಲು ಬಂದದ್ದು 1997ರಲ್ಲಿ, ಮೊದಲ ತಲೆಮಾರಿನ ಪ್ಲೇಸ್ಟೇಷನ್‌ಗೆ. ಯಾಸುಮಿ ಮತ್ಸುನೊ ಅವರ ನಿರ್ದೇಶನದಲ್ಲಿ ಜಪಾನಿನ ಸ್ಕ್ವೇರ್ ಸಂಸ್ಥೆ ರೂಪಿಸಿದ ಈ ಆಟ 2025ರ ಸೆಪ್ಟೆಂಬರ್ 30ರಂದು ‘ದಿ ಇವಾಲೀಸ್ ಕ್ರಾನಿಕಲ್ಸ್’ ಎಂಬ ಉಪಶೀರ್ಷಿಕೆಯೊಂದಿಗೆ ಹೊಸ ರೂಪ ಪಡೆದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಮತ್ತು ಕಂಪ್ಯೂಟರಿಗೆ ಬಂದಿದೆ. ಸಣ್ಣ ಪಡೆಯೊಂದನ್ನು ಸರದಿಯಂತೆ ನಡೆಸಿ ಕಾದಾಡುವ, ಕೈಚಳಕವನ್ನು ಒಂದಿಷ್ಟೂ ಬೇಡದೆ ಯೋಚನೆಯನ್ನು ಮಾತ್ರ ಪೂರ್ತಿಯಾಗಿ ಬೇಡುವ ಆಟ ಇದು. ಇದನ್ನು ಕ್ಲಿಷ್ಟ ಎಂದು ದೂರವಿಡುವವರು ಬೆಂಗಳೂರಿನ ನನ್ನ ಗೆಳೆಯರ ನಡುವೆಯೂ ಇದ್ದಾರೆ. ಅವರು ಹೇಳುವ ಕ್ಲಿಷ್ಟತೆ ನಿಜವೇ. ಆದರೆ ಆಟದ ಸೊಗಸು ಇರುವುದೂ ಅಲ್ಲಿಯೇ, ಏಕೆಂದರೆ ಇಲ್ಲಿನ ಬಹುಪಾಲು ನಿಯಮಗಳು ಕಣ್ಣೆದುರಿಗೇ ಇವೆ, ಲೆಕ್ಕಕ್ಕೆ ಸಿಗುತ್ತವೆ, ಮತ್ತು ಲೆಕ್ಕ ಹಾಕಿದವರಿಗೆ ಫಲ ಕೊಡುತ್ತವೆ.

ಸರದಿ ಆಧಾರಿತ ಆಟ ಎಂದಾಗ ನಮಗೆ ಮೊದಲು ನೆನಪಾಗುವುದು ಚದುರಂಗ: ನಮ್ಮದೊಂದು ನಡೆ, ಎದುರಾಳಿಯದೊಂದು ನಡೆ. ಈ ಆಟದಲ್ಲಿ ಸರದಿ ಹಾಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ರಣರಂಗದಲ್ಲಿರುವ ಪ್ರತಿಯೊಬ್ಬನಿಗೂ ತನ್ನದೇ ಆದ ವೇಗದ ಅಂಕವಿದೆ. ಕಾಲದ ಒಂದೊಂದು ಎಣಿಕೆಗೂ ಆ ಅಂಕ ಅವನ ಖಾತೆಗೆ ಜಮೆಯಾಗುತ್ತಾ ಹೋಗುತ್ತದೆ. ಮೊತ್ತ 100 ತಲುಪಿದಾಗ ಅವನ ಸರದಿ ಬರುತ್ತದೆ. ವೇಗ 10 ಇರುವವನು ಹತ್ತು ಎಣಿಕೆಗಳಲ್ಲಿ ಸಿದ್ಧನಾದರೆ 8 ಇರುವವನಿಗೆ ಹದಿಮೂರು ಬೇಕು. ಸರದಿ ಬಂದಾಗ ನಡೆದು, ಹೊಡೆಯುವುದನ್ನೂ ಮಾಡಿದರೆ ಖಾತೆಯಿಂದ 100 ಕಳೆಯುತ್ತದೆ, ಎರಡರಲ್ಲಿ ಒಂದನ್ನು ಮಾತ್ರ ಮಾಡಿದರೆ 80, ಏನೂ ಮಾಡದೆ ಕಾದರೆ 60. ಹೀಗಾಗಿ ಸುಮ್ಮನಿರುವುದೂ ಇಲ್ಲಿ ಒಂದು ನಡೆ. ಶತ್ರು ತಾನಾಗಿಯೇ ಹತ್ತಿರ ಬರುವವನಿದ್ದರೆ, ಒಂದೆರಡು ಮನೆ ಮುಂದೆ ಹೋಗುವ ಆಸೆಯನ್ನು ಬಿಟ್ಟು ನಿಂತಲ್ಲೇ ನಿಂತರೆ ಮುಂದಿನ ಸರದಿ ಬೇಗ ಕೈಗೆ ಬರುತ್ತದೆ, ಮತ್ತು ಕೆಲವೊಮ್ಮೆ ಅಷ್ಟರಿಂದಲೇ ಕಾಳಗದ ಗತಿ ಬದಲಾಗುತ್ತದೆ.

ಮಂತ್ರಗಳಿಗೂ ಇಂಥದೇ ಗಡಿಯಾರವಿದೆ. ಮಾಂತ್ರಿಕನು ಮಂತ್ರ ಜಪಿಸಲು ತೊಡಗಿದ ಕೂಡಲೇ ಅದು ಸಿಡಿಯುವುದಿಲ್ಲ. ಮಂತ್ರದ ವೇಗ 25 ಇದ್ದರೆ ನಾಲ್ಕು ಎಣಿಕೆ ಕಾಯಬೇಕು, ಅತಿಮಾನುಷ ಶಕ್ತಿಗಳನ್ನು ಕರೆತರುವ ದೊಡ್ಡ ಆವಾಹನೆಗಳಿಗೆ ಅದಕ್ಕಿಂತ ಬಹಳ ಹೆಚ್ಚು. ಜಪಿಸುವ ಮೊದಲು ಆಟವು ಒಂದು ಪ್ರಶ್ನೆ ಕೇಳುತ್ತದೆ: ಮಂತ್ರವನ್ನು ನೆಲದ ಮನೆಗೆ ಕಟ್ಟಬೇಕೆ, ಅಥವಾ ಅಲ್ಲಿ ನಿಂತಿರುವ ವ್ಯಕ್ತಿಗೆ ಕಟ್ಟಬೇಕೆ? ನೆಲಕ್ಕೆ ಕಟ್ಟಿದರೆ, ಈ ನಡುವೆ ಶತ್ರುವಿನ ಸರದಿ ಬಂದು ಅವನು ಸರಿದುಬಿಟ್ಟರೆ, ಬೆಂಕಿ ಬರಿಯ ಮಣ್ಣಿನ ಮೇಲೆ ಬೀಳುತ್ತದೆ. ವ್ಯಕ್ತಿಗೆ ಕಟ್ಟಿದರೆ ಅದು ಅವನನ್ನು ಹಿಂಬಾಲಿಸುತ್ತದೆ, ಆದರೆ ಅವನು ನಮ್ಮ ಸೈನಿಕರ ನಡುವೆಯೇ ಬಂದು ನಿಂತರೆ ಅವನ ಜೊತೆಗೆ ನಮ್ಮವರೂ ಸುಡುತ್ತಾರೆ. ಈ ನಿಯಮವನ್ನು ತಿರುಗಿಸಿಯೂ ಬಳಸಬಹುದು ಎಂದು ಅರಿವಾಗುವುದು ಈ ಆಟದ ಅತ್ಯಂತ ಸಂತೋಷದ ಕ್ಷಣಗಳಲ್ಲಿ ಒಂದು. ಆವಾಹನೆಯ ಏಟು ಶತ್ರುಗಳಿಗೆ ಮಾತ್ರ ತಗಲುವುದರಿಂದ, ಅದನ್ನು ನಮ್ಮದೇ ವೇಗದ ಸೈನಿಕನೊಬ್ಬನಿಗೆ ಕಟ್ಟಿ, ಅದು ಫಲಿಸುವ ಮೊದಲೇ ಅವನನ್ನು ಶತ್ರುಗಳ ಗುಂಪಿನ ನಡುವೆ ನುಗ್ಗಿಸಬಹುದು. ಯಾರ ಸರದಿ ಯಾವಾಗ ಎಂಬ ಪಟ್ಟಿಯನ್ನು ಓದಬಲ್ಲವರಿಗೆ ಮಾತ್ರ ಈ ಉಪಾಯ ದಕ್ಕುತ್ತದೆ. ಹೊಸ ಆವೃತ್ತಿಯಲ್ಲಿ ಆ ಪಟ್ಟಿಯನ್ನು ಮೆನುವಿನಲ್ಲಿ ಹುಡುಕಬೇಕಾಗಿಲ್ಲ. ಕಾಳಗದುದ್ದಕ್ಕೂ ಅದು ಪರದೆಯ ಮೇಲೆಯೇ ಇರುತ್ತದೆ. ಮಾಡಿರುವ ಸುಧಾರಣೆಗಳಲ್ಲಿ ನನ್ನ ದೃಷ್ಟಿಯಲ್ಲಿ ಇದೇ ಅತಿ ಮುಖ್ಯವಾದದ್ದು.

ಕಾಲದಷ್ಟೇ ಸೂಕ್ಷ್ಮವಾಗಿ ಕಟ್ಟಿರುವುದು ಪ್ರತಿ ಸೈನಿಕನಿಗೂ ಇರುವ ಧೈರ್ಯ ಮತ್ತು ಶ್ರದ್ಧೆ ಎಂಬ ಎರಡು ಅಂಕಗಳನ್ನು. ಮಂತ್ರದ ಪರಿಣಾಮವು ಜಪಿಸುವವನ ಶ್ರದ್ಧೆ ಮತ್ತು ಗುರಿಯಾದವನ ಶ್ರದ್ಧೆ ಎರಡರ ಗುಣಲಬ್ಧವನ್ನು ಅವಲಂಬಿಸುತ್ತದೆ. ಇಬ್ಬರಿಗೂ 70 ಇದ್ದರೆ ಪೂರ್ಣ ಬಲದ 49 ಪ್ರತಿಶತ, ಗುರಿಯಾದವನಿಗೆ 40 ಮಾತ್ರ ಇದ್ದರೆ 28 ಪ್ರತಿಶತ. ಹಾಗಾದರೆ ಶ್ರದ್ಧೆ ಕಡಿಮೆ ಇದ್ದವನೇ ಸುರಕ್ಷಿತ ಎಂದುಕೊಂಡರೆ, ಅವನಿಗೆ ನಮ್ಮ ಕಡೆಯ ಗುಣಪಡಿಸುವ ಮಂತ್ರವೂ ಅಷ್ಟೇ ಕಡಿಮೆ ಹತ್ತುತ್ತದೆ. ಶ್ರದ್ಧೆ ಹೆಚ್ಚಿದ ಮಾಂತ್ರಿಕ ಬಲಶಾಲಿ, ಆದರೆ ಶತ್ರುವಿನ ಮಂತ್ರದ ಮುಂದೆ ಬಹಳ ದುರ್ಬಲ. ಅದನ್ನು ಅತಿಯಾಗಿ, 95ರ ಮಟ್ಟಕ್ಕೆ ಏರಿಸಿದರೆ ಅವನು ಯುದ್ಧವನ್ನೇ ತೊರೆದು ಹೊರಟುಹೋಗುತ್ತಾನೆ. ಧರ್ಮಪೀಠದ ರಾಜಕಾರಣವನ್ನು ಕುರಿತ ಕಥೆಯೊಂದರಲ್ಲಿ ಈ ನಿಯಮ ಬರಿಯ ಗಣಿತವಾಗಿ ಉಳಿಯುವುದಿಲ್ಲ.

ವೃತ್ತಿಗಳ ವಿಷಯವನ್ನು ಬರೆಯಲು ಹೊರಟರೆ ಮುಗಿಯುವುದಿಲ್ಲ. ಸಾಮಾನ್ಯ ಸೈನಿಕರಿಗೆ ಇಪ್ಪತ್ತು ವೃತ್ತಿಗಳಿವೆ. ಎಲ್ಲರೂ ಸ್ಕ್ವೈರ್ (ಕಲಿಕೆಯ ಹಂತದ ಯೋಧ) ಅಥವಾ ಕೆಮಿಸ್ಟ್ (ಔಷಧ ಬಳಸುವವನು) ಆಗಿ ಆರಂಭಿಸಿ, ಅಭ್ಯಾಸದಿಂದ ನೈಟ್, ಬಿಲ್ಲುಗಾರ, ಸನ್ಯಾಸಿ, ಕಳ್ಳ, ಸಮುರಾಯ್, ನಿಂಜಾ ಎಂದು ಕವಲೊಡೆಯುತ್ತಾರೆ. ಒಂದು ವೃತ್ತಿಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯಬಹುದು: ಮುಖ್ಯ ವೃತ್ತಿಯ ವಿದ್ಯೆಯೊಂದಿಗೆ ಇನ್ನೊಂದು ವೃತ್ತಿಯ ವಿದ್ಯೆ, ಜೊತೆಗೆ ಪ್ರತಿಕ್ರಿಯೆಗೆ, ಬೆಂಬಲಕ್ಕೆ ಮತ್ತು ಚಲನೆಗೆ ಒಂದೊಂದು ಸಾಮರ್ಥ್ಯ. ಬೆಂಗಳೂರಿನ ಎಂಜಿನಿಯರ್ ಓದುಗರಿಗೆ ನಾನು ವಿಶೇಷವಾಗಿ ತೋರಿಸಬಯಸುವುದು ಗಣಿತಜ್ಞನ ವೃತ್ತಿಯನ್ನು. ಅವನು ಲೆವೆಲ್, ಅನುಭವ, ನಿಂತ ನೆಲದ ಎತ್ತರ ಅಥವಾ ಕಾಲದ ಖಾತೆ, ಈ ನಾಲ್ಕರಲ್ಲಿ ಒಂದನ್ನು ಆರಿಸಿ, ಅದು 3, 4 ಅಥವಾ 5ರಿಂದ ಭಾಗವಾಗುವ ಅಥವಾ ಅವಿಭಾಜ್ಯ ಸಂಖ್ಯೆಯಾಗಿರುವ ಎಲ್ಲರ ಮೇಲೂ ಏಕಕಾಲಕ್ಕೆ, ಕಾಯದೆ, ಮಂತ್ರಶಕ್ತಿ ಖರ್ಚಾಗದೆ ಮಂತ್ರ ಪ್ರಯೋಗಿಸಬಲ್ಲ. ಆ ಲೆಕ್ಕಕ್ಕೆ ಮಿತ್ರ ಶತ್ರು ಎಂಬ ಭೇದವಿಲ್ಲ. ನಮ್ಮವರೆಲ್ಲ 17ನೇ ಲೆವೆಲ್‌ನಲ್ಲಿದ್ದರೆ ಅವಿಭಾಜ್ಯ ಸಂಖ್ಯೆಯ ಮಂತ್ರ ಮೊದಲು ಸುಡುವುದು ನಮ್ಮನ್ನೇ. ಈ ವೃತ್ತಿಗೆ ತಲುಪಲು ಹಲವು ಮಾಂತ್ರಿಕ ವೃತ್ತಿಗಳಲ್ಲಿ ಸುದೀರ್ಘ ಅಭ್ಯಾಸ ಬೇಕು, ಮತ್ತು ಅವನ ಸ್ವಂತ ವೇಗ ತೀರ ಕಡಿಮೆ. ಆದರೂ ಹತ್ತು ಜನರ ಲೆವೆಲ್ ಮತ್ತು ಎತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿ, ಶತ್ರುಗಳು ಮಾತ್ರ ಸಿಕ್ಕಿಬೀಳುವ ಒಂದು ಷರತ್ತನ್ನು ಕಂಡುಹಿಡಿದಾಗ ಸಿಗುವ ತೃಪ್ತಿಯನ್ನು ನಾನು ಬೇರೆ ಯಾವ ಆಟದಲ್ಲೂ ಪಡೆದಿಲ್ಲ.

ಇಷ್ಟು ಶ್ರಮಪಟ್ಟು ಬೆಳೆಸಿದ ಸೈನಿಕ ಸಾಯುತ್ತಾನೆ. ನೆಲಕ್ಕೆ ಬಿದ್ದವನ ತಲೆಯ ಮೇಲೆ ಮೂರರಿಂದ ಇಳಿಯುವ ಎಣಿಕೆ ಶುರುವಾಗುತ್ತದೆ, ಅಷ್ಟರೊಳಗೆ ಎಬ್ಬಿಸದಿದ್ದರೆ ಅವನು ಹರಳಾಗಿ ಅಥವಾ ಪೆಟ್ಟಿಗೆಯಾಗಿ ಮಾರ್ಪಟ್ಟು ಶಾಶ್ವತವಾಗಿ ಇಲ್ಲವಾಗುತ್ತಾನೆ. ಹರಳಾದರೆ, ಅವನು ಕಲಿತ ವಿದ್ಯೆಗಳಲ್ಲಿ ಕೆಲವನ್ನು ಜೊತೆಗಾರನೊಬ್ಬ ಪಡೆಯಬಹುದು. ಈ ಭಯವಿರುವುದರಿಂದಲೇ ಎತ್ತರದ ದಿಬ್ಬ, ಬೆನ್ನು ತಿರುಗಿಸಿ ನಿಂತ ದಿಕ್ಕು, ಗುರಾಣಿಯ ಬದಿ, ಇವೆಲ್ಲ ಅರ್ಥ ಪಡೆಯುತ್ತವೆ. ಹಿಂದಿನಿಂದ ಹೊಡೆದರೆ ಗುರಾಣಿ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ, ಸರದಿಯ ಕೊನೆಗೆ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬ ಸಣ್ಣ ಆಯ್ಕೆಯನ್ನೂ ಅವಸರದಲ್ಲಿ ಒತ್ತಿಬಿಡುವಂತಿಲ್ಲ.

ಕಥೆಯು ಇವಾಲೀಸ್ ಎಂಬ ರಾಜ್ಯದ್ದು. ಐವತ್ತು ವರ್ಷಗಳ ಯುದ್ಧದಲ್ಲಿ ಸೋತ ಆ ರಾಜ್ಯ, ತನಗಾಗಿ ಹೋರಾಡಿದ ಸಾಮಾನ್ಯ ಸೈನಿಕರಿಗೆ ಸಂಬಳವನ್ನೂ ಕೊಡದೆ ಬೀದಿಗೆ ಬಿಟ್ಟಿದೆ, ಮತ್ತು ಆರಂಭದ ಅಧ್ಯಾಯದಲ್ಲಿ ನಾವು ಕೊಲ್ಲುವ ದರೋಡೆಕೋರರು ಅವರೇ. ನಾಯಕ ರಾಮ್ಜಾ ಕುಲೀನ ಮನೆತನದವನು, ಅವನ ಬಾಲ್ಯದ ಗೆಳೆಯ ಡೆಲಿಟಾ ಸಾಮಾನ್ಯ ಕುಟುಂಬದವನು. ಡೆಲಿಟಾನ ತಂಗಿ ಟಿಯೇಟ್ರಾಳ ಪ್ರಾಣಕ್ಕೆ ಅವಳ ಹುಟ್ಟು ಕಟ್ಟಿದ ಬೆಲೆ ಏನೆಂಬುದು ಗೊತ್ತಾಗುವ ದೃಶ್ಯದಿಂದ ಇಬ್ಬರ ದಾರಿಗಳು ಬೇರೆಯಾಗುತ್ತವೆ. ರಾಜನ ಮರಣದ ನಂತರ ಮಗು ರಾಜಕುಮಾರನ ಪರವಾಗಿ ಒಂದು ಬಣ, ರಾಜಕುಮಾರಿ ಒವೆಲಿಯಾಳ ಪರವಾಗಿ ಇನ್ನೊಂದು ಬಣ ಕಾದಾಡುವಾಗ, ಡೆಲಿಟಾ ಅಧಿಕಾರದ ಮೆಟ್ಟಿಲೇರುತ್ತಾನೆ, ರಾಮ್ಜಾನಿಗೆ ಧರ್ಮದ್ರೋಹಿಯ ಹಣೆಪಟ್ಟಿ ಸಿಗುತ್ತದೆ. ಅಧಿಕೃತ ಇತಿಹಾಸವು ಡೆಲಿಟಾನನ್ನು ಮಾತ್ರ ವೀರನೆಂದು ನೆನೆಯುತ್ತದೆ ಎಂಬುದನ್ನು ಆಟವು ಮೊದಲಲ್ಲೇ ಒಬ್ಬ ಇತಿಹಾಸಕಾರನ ಬಾಯಿಂದ ಹೇಳಿಸಿಬಿಡುತ್ತದೆ. ಹಾಗಾಗಿ ಕೊನೆಯ ಫಲಿತಾಂಶದ ಕುತೂಹಲಕ್ಕಿಂತ, ಇದು ಹೀಗೇಕಾಯಿತು ಎಂಬ ಕುತೂಹಲ ನಮ್ಮನ್ನು ಮುಂದಕ್ಕೆ ಎಳೆಯುತ್ತದೆ.

ಹೊಸ ಆವೃತ್ತಿಯೊಳಗೆ ಎರಡು ಆಟಗಳಿವೆ. ‘ಕ್ಲಾಸಿಕ್’ ಎಂಬುದು ಮೂಲದ ರೂಪವನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟು, 2007ರ ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್) ಆವೃತ್ತಿಯ ಇಂಗ್ಲಿಷ್ ಅನುವಾದವನ್ನು ಬಳಸುತ್ತದೆ. ‘ಎನ್‌ಹ್ಯಾನ್ಸ್ಡ್’ ಎಂಬುದರಲ್ಲಿ ಮಾತುಗಳಿಗೆ ಪೂರ್ಣ ಧ್ವನಿಯಿದೆ, ಪರಿಷ್ಕೃತ ಸಂಭಾಷಣೆಯಿದೆ, ರಣರಂಗವನ್ನು ಮೇಲಿನಿಂದ ನೋಡುವ ವ್ಯವಸ್ಥೆ, ಕಾಳಗವನ್ನು ವೇಗವಾಗಿ ಓಡಿಸುವ ಗುಂಡಿ, ಮೂರು ಹಂತದ ಕಷ್ಟ ಮತ್ತು ತಾನಾಗಿಯೇ ಆಗುವ ಸೇವ್ ಇವೆ. ಕೊನೆಯದು ನಮ್ಮ ಊರಿನವರಿಗೆ ದೊಡ್ಡ ಅನುಕೂಲ. ಕೈಯಲ್ಲಿ ಹಿಡಿದು ಆಡುವ ಸಾಧನವಿದ್ದು, ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ವರೆಗೆ ನೇರಳೆ ಮಾರ್ಗದಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕರೆ, ಸಾಧಾರಣ ಕಾಳಗವೊಂದು ಆ ಪ್ರಯಾಣದಲ್ಲಿ ಮುಗಿಯುತ್ತದೆ. ಮುಗಿಯದಿದ್ದರೂ ನಷ್ಟವಿಲ್ಲ. ನಡುವೆ ಯಾವ ನಿಲ್ದಾಣದಲ್ಲಿ ತಲೆಯೆತ್ತಿದರೂ ಆಟ ನಮಗಾಗಿ ಕಾದು ನಿಂತಿರುತ್ತದೆ ಎಂಬುದು ಸರದಿ ಆಧಾರಿತ ಆಟಗಳ ಮೇಲೆ ನನಗಿರುವ ಪ್ರೀತಿಗೆ ಒಂದು ಸರಳ ಕಾರಣ.

ಕೊರತೆಗಳೂ ಇವೆ. ಪಿಎಸ್‌ಪಿ ಆವೃತ್ತಿಯಲ್ಲಿ ಸೇರಿಸಿದ್ದ ಡಾರ್ಕ್ ನೈಟ್ ಮತ್ತು ಆನಿಯನ್ ನೈಟ್ ವೃತ್ತಿಗಳನ್ನು ಇಲ್ಲಿ ಕೈಬಿಟ್ಟಿದ್ದಾರೆ, ಅವುಗಳನ್ನು ಇಷ್ಟಪಟ್ಟವರಿಗೆ ಬೇಸರವಾಗುವುದು ಸಹಜ. ನಾಲ್ಕನೆಯ ಅಧ್ಯಾಯದಲ್ಲಿ ಜೊತೆಯಾಗುವ ಓರ್ಲಾಂಡೋ ಎಂಬ ವೃದ್ಧ ಯೋಧ ಎಷ್ಟು ಬಲಶಾಲಿಯೆಂದರೆ, ಅಲ್ಲಿಯವರೆಗೆ ನಾವು ಜತನದಿಂದ ತಿದ್ದಿ ತೀಡಿದ ಪಡೆಗೆ ಕೆಲಸವೇ ಉಳಿಯುವುದಿಲ್ಲ. ನಾನು ಅವನನ್ನು ಕಾಳಗಕ್ಕೆ ಇಳಿಸುವುದಿಲ್ಲ. ಭಾಷೆಯ ಮಾತನ್ನೂ ಹೇಳಬೇಕು. ಭಾರತದ ಯಾವ ಭಾಷೆಯಲ್ಲೂ ಉಪಶೀರ್ಷಿಕೆ ಇಲ್ಲ, ಇರುವ ಇಂಗ್ಲಿಷ್ ಹಳೆಯ ಕಾಲದ ಗಂಭೀರ ಶೈಲಿಯದು, ಮತ್ತು ಇಂಗ್ಲಿಷ್ ಅಷ್ಟಾಗಿ ಓದದವರಿಗೆ ರಾಜಕೀಯದ ಎಳೆಗಳು ಕೈತಪ್ಪುತ್ತವೆ. ಇಷ್ಟು ಸೊಗಸಾದ ಕಥೆಯನ್ನು ಕನ್ನಡದಲ್ಲಿ ಓದುತ್ತಾ ಆಡುವಂತಿದ್ದರೆ ಎಂಬ ಆಸೆ ನನಗೆ ನಿಜವಾಗಿಯೂ ಇದೆ.

ಮೊದಲ ಬಾರಿ ಆಡುವವರು ‘ಎನ್‌ಹ್ಯಾನ್ಸ್ಡ್’ ಅನ್ನು ನಡುವಣ ಕಷ್ಟದ ಹಂತದಲ್ಲಿ ಆರಂಭಿಸಲಿ. ಮೊದಲ ಕೆಲವು ಗಂಟೆಗಳಲ್ಲಿ ಎಲ್ಲ ಅಂಕಗಳನ್ನೂ ಅರ್ಥ ಮಾಡಿಕೊಳ್ಳುವ ಹಟ ಬೇಡ. ಸರದಿಯ ಪಟ್ಟಿಯನ್ನು ಓದುವ ಅಭ್ಯಾಸವೊಂದು ಬಂದರೆ ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ: ಮೂರನೆಯ ಅಧ್ಯಾಯದಲ್ಲಿ ರಿಯೋವಾನೆಸ್ ಕೋಟೆಗೆ ಕಾಲಿಡುವ ಮೊದಲು ಬೇರೊಂದು ಸೇವ್ ಇಟ್ಟುಕೊಳ್ಳಿ. ಅಲ್ಲಿ ಕಾಳಗಗಳು ಒಂದರ ಹಿಂದೆ ಒಂದರಂತೆ ಬರುತ್ತವೆ, ಅವುಗಳಲ್ಲೊಂದರಲ್ಲಿ ರಾಮ್ಜಾ ವೀಗ್ರಾಫ್ ಎಂಬ ಪ್ರಬಲ ಶತ್ರುವನ್ನು ಒಬ್ಬನೇ ಎದುರಿಸಬೇಕು, ಮತ್ತು ಮೂಲ ಆಟದಲ್ಲಿ ಆ ನಡುವೆ ಸೇವ್ ಮಾಡಿ ಮುಂದೆಯೂ ಹೋಗಲಾಗದೆ, ತಯಾರಿಗಾಗಿ ಹಿಂದೆಯೂ ಬರಲಾಗದೆ ಸಿಕ್ಕಿಹಾಕಿಕೊಂಡವರು ಬಹಳ ಮಂದಿ. ಅಷ್ಟರೊಳಗೆ ರಾಮ್ಜಾನಿಗೆ ಒಬ್ಬಂಟಿಯಾಗಿ ಬದುಕಿಕೊಳ್ಳುವ ವಿದ್ಯೆಯೊಂದನ್ನು, ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಸನ್ಯಾಸಿಯ ಚಕ್ರದಂಥದ್ದನ್ನು, ಕಲಿಸಿಟ್ಟಿರಿ.