ಹಳೇ ಎಎಸ್ ಸಾಕಾ, ಇಂಡ್ ಎಎಸ್ ಬೇಕಾ?

ಎಎಸ್ ಅಂದರೆ ನಮ್ಮ ಹಳೇ ಲೆಕ್ಕಪತ್ರ ಮಾನದಂಡಗಳು, ಇಂಡ್ ಎಎಸ್ ಅಂದರೆ ಅಂತರರಾಷ್ಟ್ರೀಯ ಮಾನದಂಡವಾದ ಐಎಫ್‌ಆರ್‌ಎಸ್ ಆಧರಿಸಿದ ಹೊಸವು. ಷೇರುಪೇಟೆಯಲ್ಲಿ ಲಿಸ್ಟ್ ಆಗದ ಕಂಪನಿ, ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 250 ಕೋಟಿ ರೂಪಾಯಿಗಿಂತ ಕಡಿಮೆ. ಸಾಮಾನ್ಯವಾಗಿ ಇಂಥವರಿಗೆ ಮಾತ್ರ ಈ ಆಯ್ಕೆ ಇದೆ. ಆ ಮಟ್ಟ ಮುಟ್ಟಿದವರಿಗೂ ಅವರ ಅಂಗಸಂಸ್ಥೆಗಳಿಗೂ ಇಂಡ್ ಎಎಸ್ ಕಡ್ಡಾಯ.

ದೊಡ್ಡ ವ್ಯತ್ಯಾಸ ಬಾಡಿಗೆಯದು. ಐದು ವರ್ಷಕ್ಕೆ ಆಫೀಸು ಬಾಡಿಗೆಗೆ ಹಿಡಿದಿದ್ದೀರಿ ಎನ್ನಿ. ಎಎಸ್ 19ರಲ್ಲಿ ಅದು ಸಾಮಾನ್ಯವಾಗಿ ವರ್ಷವರ್ಷದ ಖರ್ಚು, ಅಷ್ಟೇ. ಇಂಡ್ ಎಎಸ್ 116ರಲ್ಲಿ ಮುಂದೆ ಕಟ್ಟಬೇಕಾದ ಬಾಡಿಗೆ ಇವತ್ತೇ ಸಾಲದಂತೆ ಬ್ಯಾಲೆನ್ಸ್ ಶೀಟಿಗೆ ಬರುತ್ತದೆ, ಎದುರಿಗೆ ಒಂದು ಆಸ್ತಿಯೂ ಕೂರುತ್ತದೆ. ಸಾಲದ ಅನುಪಾತ ಏರುತ್ತದೆ. ಬ್ಯಾಂಕಿನ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು, ಅಲ್ವಾ? ವಿಲೀನದ ಗುಡ್‌ವಿಲ್ (ಕಂಪನಿಯ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ) ವಿಷಯದಲ್ಲೂ ವ್ಯತ್ಯಾಸವಿದೆ: ಎಎಸ್ 14 ಅದನ್ನು ಸಾಮಾನ್ಯವಾಗಿ 5 ವರ್ಷದೊಳಗೆ ಕರಗಿಸುತ್ತದೆ, ಇಂಡ್ ಎಎಸ್ ಅದರ ಮೌಲ್ಯ ಕುಸಿದಿದೆಯೇ ಎಂಬ ಪರೀಕ್ಷೆಯನ್ನು ಪ್ರತಿವರ್ಷ ಕೇಳುತ್ತದೆ.

ವಿದೇಶಿ ಹೂಡಿಕೆದಾರರಿಗೆ ಇಂಡ್ ಎಎಸ್ ಬೇಗ ಅರ್ಥವಾಗುತ್ತದೆ. ಆದರೆ ಅದು ಐಎಫ್‌ಆರ್‌ಎಸ್‌ನ ತದ್ರೂಪವಲ್ಲ. ಅಗ್ಗಕ್ಕೆ ಸಿಕ್ಕ ಕಂಪನಿಯ ಖರೀದಿ ಲಾಭವನ್ನು ಐಎಫ್‌ಆರ್‌ಎಸ್ ಲಾಭ-ನಷ್ಟದಲ್ಲಿ ತೋರಿಸುತ್ತದೆ, ನಮ್ಮದು ಕ್ಯಾಪಿಟಲ್ ರಿಸರ್ವ್‌ಗೆ (ಬಂಡವಾಳದ ಮೀಸಲು ನಿಧಿಗೆ) ಒಯ್ಯುತ್ತದೆ.

2018ರಲ್ಲಿ ಬಂದ ಎನ್‌ಎಫ್‌ಆರ್‌ಎ (ಲೆಕ್ಕಪತ್ರ, ಆಡಿಟ್ ಮೇಲೆ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರ) ನೋಡುವುದು ಲಿಸ್ಟ್ ಆದವರನ್ನು, ಬ್ಯಾಂಕು, ವಿಮೆ, ದೊಡ್ಡ ಪಬ್ಲಿಕ್ ಕಂಪನಿಗಳಂಥವನ್ನು. ಇಂಡ್ ಎಎಸ್ ಆರಿಸಿಕೊಂಡ ಮಾತ್ರಕ್ಕೆ ನೀವು ಅದರ ಕೈಗೆ ಬರುವುದಿಲ್ಲ.

ಒಮ್ಮೆ ಹೋದರೆ ವಾಪಸ್ ದಾರಿಯಿಲ್ಲ. ಎರಡು-ಮೂರು ವರ್ಷದಲ್ಲಿ ಐಪಿಒ ಯೋಚನೆ ಇದ್ದರೆ ಈಗಲೇ ಹೋಗಿ. ಕುಟುಂಬದ ಕಂಪನಿ, ಸಾಲ ಕೊಡುವುದು ಊರಿನ ಬ್ಯಾಂಕೇ ಎಂದಾದರೆ ಸುಮ್ನೆ ಆಡಿಟ್ ಫೀಸು ಜಾಸ್ತಿ ಮಾಡಿಕೊಳ್ಳಬೇಡಿ.